ರುದ್ರವ್ವನ ಖಾನಾವಳಿಯ ಏಡಿ

ಪುಣೆಯ ಭವಾನಿ ಪೇಠೆಯಲ್ಲಿ, ಬೆಲ್ಲದ ಅಡತಿ ಅಂಗಡಿಗಳ ಹಿಂದಿನ ಓಣಿಯಲ್ಲಿ ರುದ್ರವ್ವ ನಡೆಸುತ್ತಿದ್ದ ಖಾನಾವಳಿಗೆ ಬೋರ್ಡು ಇರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಧಾರವಾಡ, ಬೆಳಗಾವಿ, ನವಲಗುಂದದ ಕಡೆಯವರು ಯಾರೇ ಆಗಲಿ, ರೈಲಿಳಿದು ಪೇಠೆಗೆ ಕಾಲಿಟ್ಟರೆ ರೊಟ್ಟಿ ಬಡಿಯುವ ಸಪ್ಪಳದ ಜಾಡು ಹಿಡಿದು ತಾವಾಗಿಯೇ ಬಂದು ಮುಟ್ಟುತ್ತಿದ್ದರು. ಒಳಗೆ ಬಂದವರಿಗೆ ಊಟದ ವಿಚಾರದಲ್ಲಿ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವ ಹಕ್ಕಿರಲಿಲ್ಲ. ಸಾಕು ಎಂದವರ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಬೇಡವೇ ಬೇಡ ಎಂದು ಕೈ ಅಡ್ಡ ಹಿಡಿದರೆ ರೊಟ್ಟಿ ಕೈಯ ಮೇಲೆಯೇ ಬೀಳುತ್ತಿತ್ತು, ಅದೂ ಬಿಸಿಯದು.

ರುದ್ರವ್ವ ಆಳೆತ್ತರದ ಹೆಂಗಸು. ದನಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಬೆಲ್ಲದ ಪೇಟೆಯ ಹಮಾಲರು ಕೂಡ ಅವಳ ಮುಂದೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಯಾವ ಸಾಹುಕಾರನಿಗೂ ಹೆದರದ ಈ ಹೆಂಗಸಿನ ಜೀವ ಒಂದೇ ಒಂದು ವಿಷಯದಲ್ಲಿ ತಳಮಳಿಸುತ್ತಿತ್ತು. ದೇವರ ಕೋಣೆಯ ಗೂಡಿನಲ್ಲಿ, ಬೆಳ್ಳಿಯ ಕರಡಿಗೆಯೊಳಗೆ ಇಟ್ಟಿದ್ದ ಗಂಡನ ಇಷ್ಟಲಿಂಗಕ್ಕೆ ಇನ್ನೂ ಒಂದು ಕೈ ಸಿಕ್ಕಿರಲಿಲ್ಲ.

ಲಿಂಗವಂತರಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಮನುಷ್ಯನ ಎದೆಯ ಮೇಲೆ ಕೊನೆಯ ತನಕ ಇರುತ್ತದೆ. ಸತ್ತವರನ್ನು ಸುಡುವುದಿಲ್ಲ. ಪದ್ಮಾಸನ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಅದೇ ಲಿಂಗವನ್ನಿಟ್ಟು, ವಿಭೂತಿ ಪತ್ರಿ ತುಂಬಿ ಮಣ್ಣು ಕೊಡುತ್ತಾರೆ. ಲಿಂಗ ಕೈಯಲ್ಲಿದ್ದರೆ ಮುಂದಿನ ದಾರಿಗೆ ಚಿಂತೆಯಿಲ್ಲ ಎಂದು ನಂಬಿಕೆ. ರುದ್ರವ್ವನ ಗಂಡ ಮಲಕಪ್ಪನಿಗೆ ಇದೊಂದೂ ಆಗಲಿಲ್ಲ. ಅವನು ಅಡತಿಯಲ್ಲಿ ಗುಮಾಸ್ತ. ಪುಣೆಯ ಜನ ಮಾನಮೋಡಿ ಎಂದು ಕರೆದ ಜ್ವರ ಊರನ್ನೇ ಗುಡಿಸಿಕೊಂಡು ಹೋದ ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯಲ್ಲಿ, ಸಾಸವಡದಿಂದ ಬೆಲ್ಲದ ಬಂಡಿಗಳ ಜೊತೆ ಬರುತ್ತ ಸ್ವಾರಗೇಟ ನಾಕೆಯ ಹತ್ತಿರ ಕುಸಿದು ಬಿದ್ದ. ಯಾರೋ ಪುಣ್ಯಾತ್ಮರು ಎತ್ತಿ ಊರ ಹೊರಗಿನ ಜ್ವರದ ಛಪ್ಪರಕ್ಕೆ ಸೇರಿಸಿದರು. ರುದ್ರವ್ವನಿಗೆ ಸುದ್ದಿ ಮುಟ್ಟಿ ಅವಳು ಓಡಿ ಹೋಗುವುದರೊಳಗೆ ಸತ್ತವರನ್ನೆಲ್ಲ ಒಟ್ಟಿಗೆ ಸುಟ್ಟಾಗಿತ್ತು. ಸುಟ್ಟವರಿಗೂ ಬೇರೆ ದಾರಿ ಇರಲಿಲ್ಲ. ಅಲ್ಲಿದ್ದ ಮುದುಕನೊಬ್ಬ ಚಿಂದಿಯಲ್ಲಿ ಕಟ್ಟಿದ ಲಿಂಗವನ್ನು ಅವಳ ಕೈಗೆ ಕೊಟ್ಟ. ಗಂಡನೆಂದು ಮನೆಗೆ ಬಂದದ್ದು ಅಷ್ಟೇ.

ಆಗಿನಿಂದ ಅವಳು ಎರಡು ಲಿಂಗಗಳಿಗೆ ಪೂಜೆ ಮಾಡಿದಳು. ಸಮಾಜದ ಹಿರಿಯರು ನಿಜಲಿಂಗಪ್ಪನವರು, ಬೆಲ್ಲದ ದೊಡ್ಡ ವ್ಯಾಪಾರಿ. ಅವರು ಒಂದು ಉಪಾಯ ಹೇಳಿದರು.

"ಹೊಳಿಗೆ ಬಿಟ್ಟು ಬಿಡು ರುದ್ರವ್ವಾ. ಮುಠಾ ಹೊಳಿ ಇಲ್ಲೇ ಅದ."

"ಅವರಿಗೆ ಈಸಾಕ ಬರತಿದ್ದಿಲ್ರಿ ಸಾವಕಾರ್ರ," ಎಂದಳು ರುದ್ರವ್ವ.

ಪೂಜೆ ಪುನಸ್ಕಾರಕ್ಕೆ ಬರುತ್ತಿದ್ದ ಶಂಭುಲಿಂಗಯ್ಯನವರು, ಎಲ್ಲರ ಬಾಯಲ್ಲಿ ಅಯ್ಯನವರು, ಇನ್ನೊಂದು ಉಪಾಯ ಹೇಳಿದರು. ಮಠಕ್ಕೆ ಒಪ್ಪಿಸು ಎಂದರು.

"ಮಠದಾಗ ಅವರಿಗೆ ಯಾರ ಗುರ್ತ ಅದ?" ಎಂದು ಕೇಳಿದಳು. "ನಾ ಹೋಗೂ ಮುಂದ ನನ್ನ ಕೈಯಾಗ ನಂದರ ಜೋಡಿ ಅದನ್ನೂ ಇಟ್ಟು ಮಣ್ಣು ಕೊಡ್ರಿ ಅಜ್ಜಾರ. ಅಷ್ಟ ಸಾಕು."

ಅಯ್ಯನವರು ತಲೆ ಅಲ್ಲಾಡಿಸಿದರು. ಒಂದು ದೇಹಕ್ಕೆ ಒಂದೇ ಲಿಂಗ. ಒಂದೇ ಕೈಯಲ್ಲಿ ಎರಡು ಕೂಡುವುದಿಲ್ಲ. ಹಿಂದೆ ಯಾರೂ ಹಾಗೆ ಮಾಡಿದ ನಿದರ್ಶನವೂ ಇಲ್ಲ. ಪ್ರತಿ ಶ್ರಾವಣದಲ್ಲಿ ಅಯ್ಯನವರು ಊಟಕ್ಕೆ ಬರುತ್ತಿದ್ದರು, ಪ್ರತಿ ಶ್ರಾವಣದಲ್ಲಿ ಅವಳು ಕೇಳುತ್ತಿದ್ದಳು, ಅವರು ನಿದರ್ಶನ ಇಲ್ಲ ಎನ್ನುತ್ತಿದ್ದರು. ಆಮೇಲೆ ಅವಳು ಸಿಟ್ಟಿನಿಂದ ಅವರ ತಾಟಿಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಿದ್ದಳು. ಅಯ್ಯನವರ ಆ ದಿನದ ಅಜೀರ್ಣಕ್ಕೆ ಧರ್ಮಸಂಕಟವೇ ಕಾರಣ ಎಂದು ಅವರ ಮನೆಯವರು ನಂಬಿದ್ದರು.

ಇಂಥ ಖಾನಾವಳಿಗೆ ಈರಬಸಪ್ಪ ಮಾಸ್ತರರು ಕಲ್ಲಿನ ಚೀಲ ತಂದರು.

ಮಾಸ್ತರರು ಬೈಲಹೊಂಗಲದ ಕಡೆಯವರು, ಪುಣೆಯ ಒಂದು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ರಜೆ ಬಂದರೆ ಉಳಿದವರು ಊರಿಗೆ ಹೋಗಿ ಮಾವಿನಹಣ್ಣು ತಿನ್ನುತ್ತಿದ್ದರೆ ಇವರು ಕಚ್ಛದ ಉರಿಬಿಸಿಲಿಗೆ ಹೋಗಿ, ಹಳ್ಳದ ದಂಡೆಯಲ್ಲಿ ಬೋರಲು ಬಿದ್ದು ಕಲ್ಲು ಆರಿಸುತ್ತಿದ್ದರು. ಇವರ ಖೋಲಿ ಒಂದು ವಾಡೆಯ ಮಾಳಿಗೆಯ ಮೇಲಿತ್ತು. ಕಲ್ಲು ಹೆಚ್ಚಿದಂತೆ ಕೆಳಗಿನ ಮನೆಯ ತೊಲೆ ಬಾಗಿತು. ವಾಡೆಯ ಮಾಲಕ ಬಂದು ಒಂದೋ ಕಲ್ಲು ಇರಬೇಕು ಇಲ್ಲವೇ ಮಾಸ್ತರರಿರಬೇಕು ಎಂದು ಕಡ್ಡಿ ಮುರಿದಂತೆ ಹೇಳಿದ. ಮಾಸ್ತರರು ಹೊಸ ಚೀಲವನ್ನು ಹಮಾಲನ ಬೆನ್ನಿಗೆ ಹೊರಿಸಿಕೊಂಡು ಊಟದ ಹೊತ್ತಿಗೆ ಬಂದರು.

"ಇವು ಇಲ್ಲಿ ಇರಲಿ ರುದ್ರವ್ವಾ, ಕಾಲೇಜಿಗೆ ಒಯ್ಯೂ ತನಕ."

"ತಿನ್ನೂವೇನ್ರಿ?"

"ಅಲ್ಲ."

"ಹಂಗಾರ ಮೂಲ್ಯಾಗ ಇಡ್ರಿ."

ಚೀಲ ಮೂಲೆ ಸೇರಿತು. ಮಾಸ್ತರರು ಉಂಡು ಹೋದರು, ಉಂಡ ಮೇಲೆ ಮರೆತರು. ಕಚ್ಛದಲ್ಲಿ ಒಂದೊಂದು ಕಲ್ಲಿನ ಮೇಲೂ ಕಣ್ಣಿಟ್ಟು ಕಾಯ್ದ ಮನುಷ್ಯ ರುದ್ರವ್ವನ ಬದನೆಕಾಯಿ ಎಣ್ಣೆಗಾಯಿಯ ಮುಂದೆ ಕೂತರೆ ತನ್ನ ಹೆಸರನ್ನೂ ಮರೆಯುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ರುದ್ರವ್ವನ ಒಳಕಲ್ಲಿನ ಗುಂಡು ಎರಡು ಹೋಳಾಯಿತು. ಹೊಸದು ಬೇಕೆಂದರೆ ಕಲ್ಲುಕುಟಿಗನನ್ನು ಹುಡುಕಬೇಕು, ಅವನು ನಾಳೆ ನಾಡಿದ್ದು ಎನ್ನುತ್ತಾನೆ, ಅಷ್ಟರಲ್ಲಿ ಮೆಣಸಿನಕಾಯಿ ಬೂಸಲು ಹಿಡಿಯುತ್ತದೆ. ರುದ್ರವ್ವ ಮೂಲೆಯ ಚೀಲಕ್ಕೆ ಕೈ ಹಾಕಿದಳು. ಸಣ್ಣ ತೆಂಗಿನಕಾಯಿಯಷ್ಟು ದಪ್ಪದ, ದುಂಡನೆಯ, ಕೈಗೆ ಹಿಡಿತ ಸಿಗುವ ಒಂದು ಕಲ್ಲು ಸಿಕ್ಕಿತು. ತೊಳೆದು, ವಿಭೂತಿ ಹಚ್ಚಿ, ಬೆಳ್ಳುಳ್ಳಿ ಕುಟ್ಟತೊಡಗಿದಳು. ಯಾವ ಕೆಲಸಕ್ಕೂ ಮೊದಲು ವಿಭೂತಿ ಹಚ್ಚುವುದು ಅವಳ ಪದ್ಧತಿ. ಹೊಸ ಬಾಣಲೆಗೂ ಹಚ್ಚುತ್ತಿದ್ದಳು.

ಆ ತಿಂಗಳಿನಿಂದ ಖಾನಾವಳಿಯ ಚಟ್ನಿಗಳಿಗೆ ಒಂದು ವಿಶೇಷ ರುಚಿ ಬಂತೆಂದು ಉಣ್ಣುವವರೆಲ್ಲ ಹೇಳಿದರು. ಆ ಸಲದ ಬ್ಯಾಡಗಿ ಮೆಣಸಿನಕಾಯಿ ಚೆನ್ನಾಗಿತ್ತು, ಕಾರಣ ಅಷ್ಟೇ ಇದ್ದೀತು. ಆದರೂ ಹಮಾಲರು ರೊಟ್ಟಿ ಸಾಕಾದ ಮೇಲೂ ಬರೀ ಚಟ್ನಿ ನೆಕ್ಕಿದರು. ನಿಜಲಿಂಗಪ್ಪನವರು ಮನೆಗೆ ಬಟ್ಟಲು ತುಂಬಿಸಿಕೊಂಡು ಹೋದರು. ಖಾರ ಮುಟ್ಟುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡಿದ್ದ ಅಯ್ಯನವರು, ರುಚಿ ನೋಡಲಷ್ಟೇ ಎಂದು ಶುರುಮಾಡಿ ಬಟ್ಟಲಿನ ತಳ ಕಂಡರು. ಈರಬಸಪ್ಪ ಮಾಸ್ತರರಂತೂ ಕೆಂಪು ಮೆಣಸಿನಕಾಯಿಯ ರಂಜಕವನ್ನು ಮೂರು ಸಲ ಕೇಳಿ ಹಾಕಿಸಿಕೊಂಡು, ಈ ಚಟ್ನಿಗೊಂದು ಗಾಂಭೀರ್ಯ ಅದ ಎಂದರು. ಏನು ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ರಂಜಕ ಕುಟ್ಟುವಾಗ ಆ ಕಲ್ಲು ನಡುವೆ ಬಾಯಿ ಬಿಟ್ಟಿತು. ಒಂದು ಹೋಳು ಒಳಕಲ್ಲಿನೊಳಗೆ ಬಿತ್ತು, ಇನ್ನೊಂದು ರುದ್ರವ್ವನ ಕೈಯಲ್ಲಿ ಉಳಿಯಿತು. ಕೈಯಲ್ಲಿದ್ದದ್ದರ ಒಳಗೆ ಏನೋ ಕೂತಿತ್ತು. ಕಪ್ಪಗೆ, ನುಣ್ಣಗೆ, ಮೈಗೆ ಮೈ ಹತ್ತಿಸಿಕೊಂಡು. ಮೊದಲು ಬೇರು ಎಂದುಕೊಂಡಳು. ಆಮೇಲೆ ನೆರೆಯ ರಂಗೂಬಾಯಿಯನ್ನು ಕೂಗಿದಳು.

ರಂಗೂಬಾಯಿ ರತ್ನಾಗಿರಿಯ ಕಡೆಯವಳು, ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದು ಗಂಡನ ಗಿರಣಿ ಕೆಲಸದ ಹಿಂದೆ ಪುಣೆಗೆ ಬಂದವಳು. ಗೋಡೆಯಾಚೆಯ ಈ ಸೊಪ್ಪುಸದೆಯ ಮನೆಯ ವಾಸನೆ ಕುಡಿದು ಕುಡಿದು ಅವಳಿಗೆ ಸಾಕಾಗಿತ್ತು. ಬಂದವಳು ಬಗ್ಗಿ ನೋಡಿ, ಮುಖ ಅರಳಿಸಿ, "ಅಗ ಬಾಯಿ, ಹೀ ತರ ಚಿಂಬೋರಿ," ಎಂದಳು. ಚಿಂಬೋರಿ ಎಂದರೆ ಏಡಿ. ರುದ್ರವ್ವನಿಗೆ ಅರ್ಥವಾಗದ್ದು ಕಂಡು, ಬೆರಳುಗಳನ್ನು ಕೊಂಡಿ ಮಾಡಿ ಅಡ್ಡಡ್ಡ ನಡೆದು ತೋರಿಸಿದಳು. ಮಸಾಲೆಗೆ ಹಸಿ ಕೊಬ್ಬರಿ ಎಷ್ಟು ಹಾಕಬೇಕು, ಕೋಕಂ ಯಾವಾಗ ಬಿಡಬೇಕು ಎಂಬುದನ್ನೂ ಹೇಳಿದಳು. ಒಂದೇ ಆದರೆ ಸಾಲದು, ಚೀಲದಲ್ಲಿ ಇನ್ನೂ ಇದ್ದರೆ ನೋಡು ಎಂದಳು.

ರುದ್ರವ್ವ ಒಳಕಲ್ಲಿನ ಪಕ್ಕದಲ್ಲಿ ಕುಸಿದು ಕೂತಳು. ನವಲಗುಂದದ ಅವಳ ಮನೆತನದ ಏಳು ತಲೆಮಾರಿನಲ್ಲಿ ಎಲ್ಲರೂ ಮೊಟ್ಟೆಯನ್ನು ಕೂಡ ದೂರದಿಂದ ನೋಡಿ ಮುಖ ತಿರುಗಿಸಿದವರೇ. ಅವಳು ತಿಂಗಳುಗಟ್ಟಲೆ ಏಡಿಯನ್ನು ಕೈಯಲ್ಲಿ ಹಿಡಿದು ಸಮಾಜಕ್ಕೆಲ್ಲ ಚಟ್ನಿ ಕುಟ್ಟಿ ಬಡಿಸಿದ್ದಳು.

ರಂಗೂಬಾಯಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಸಂತೋಷ ತಡೆಯಲಾಗಲಿಲ್ಲ ಅಷ್ಟೇ. ಇಷ್ಟು ವರ್ಷಕ್ಕೆ ರುದ್ರಾಬಾಯಿ ಮನುಷ್ಯರ ಊಟಕ್ಕೆ ಬಂದಳು ಎಂದು ನಲ್ಲಿಯ ಹತ್ತಿರ ನಾಲ್ಕು ಹೆಂಗಸರಿಗೆ ಹೇಳಿದಳು. ಮಧ್ಯಾಹ್ನಕ್ಕೆ ಪೇಠೆಯ ಬಾಯಿಗೆಲ್ಲ ಸುದ್ದಿ ಬಂತು. ಸಂಜೆಗೆ ಅದು ಬೆಳೆದು, ರುದ್ರವ್ವ ಬುಟ್ಟಿಗಟ್ಟಲೆ ಏಡಿ ತರಿಸುತ್ತಾಳೆ ಎಂದಾಯಿತು. ಉಂಡವರೆಲ್ಲ ಹೊಟ್ಟೆ ಮುಟ್ಟಿಕೊಂಡರು. ಒಬ್ಬನಿಗೆ ಒಳಗೆ ಏನೋ ಅಡ್ಡಡ್ಡ ನಡೆದ ಹಾಗೆ ಅನಿಸಿತು.

ಪಂಚರು ಕೂಡಿ ತೀರ್ಮಾನ ಮಾಡುವ ತನಕ ಖಾನಾವಳಿಯ ಬಾಗಿಲು ಮುಚ್ಚಬೇಕೆಂದು ನಿಜಲಿಂಗಪ್ಪನವರು ಹೇಳಿ ಕಳಿಸಿದರು. ಉಣ್ಣುವವರು ದಿಕ್ಕಿಲ್ಲದೆ ಬೇರೆ ಬೇರೆ ಕಡೆ ಹೋಗಿ, ತೆಳ್ಳನೆಯ ಚಪಾತಿ ಮತ್ತು ಬೆಲ್ಲ ಹಾಕಿದ ಬೇಳೆ ಉಂಡು ಬಂದರು. ಬೆಲ್ಲ ಮಾರಿಯೇ ದೊಡ್ಡವರಾದ ನಿಜಲಿಂಗಪ್ಪನವರು ಕೂಡ, ಬ್ಯಾಳ್ಯಾಗ ಬೆಲ್ಲ ಹಾಕೂವರಿಗೆ ಶಿಕ್ಷಾ ಇರಬೇಕು ಎಂದು ಯಾರ ಮುಂದೋ ಅಂದರಂತೆ.

ರುದ್ರವ್ವನಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಅಂಥ ಕೈಗಳಿಗೆ ಎಲ್ಲಿಯಾದರೂ ಕೆಲಸ ಸಿಗುತ್ತಿತ್ತು. ಅವಳನ್ನು ಹಿಂಡಿದ್ದು ಬೇರೆ. ಸಮಾಜದಿಂದ ಹೊರಗೆ ಹಾಕಿದರೆ ತನಗೇ ರುದ್ರಭೂಮಿಯಲ್ಲಿ ಮಣ್ಣು ಸಿಗುವುದಿಲ್ಲ. ಹೇಗಾದರೂ ಒಂದು ದಿನ ಅಯ್ಯನವರ ಮನಸ್ಸು ಕರಗೀತು, ತನ್ನ ಕೈಯಲ್ಲಿ ಮಲಕಪ್ಪನಿಗೂ ಜಾಗ ಸಿಕ್ಕೀತು ಎಂದು ಇಷ್ಟು ವರ್ಷ ಕಾದದ್ದೆಲ್ಲ ಒಂದು ಚಟ್ನಿಯಲ್ಲಿ ಮುಗಿದು ಹೋಗುತ್ತಿತ್ತು. ಗೂಡಿನ ಮುಂದೆ ಕೂತು ಅವಳು ಗಟ್ಟಿಯಾಗಿ ಅತ್ತಳು. ಅವಳ ಅಳು ಅವಳ ದನಿಯಷ್ಟೇ ದೊಡ್ಡದಿತ್ತು, ಓಣಿಯ ಪಾರಿವಾಳಗಳು ಎದ್ದು ಹೋದವು.

ಪೇಟೆಗೆ ರಜೆ ಇದ್ದ ದಿನ ಮಧ್ಯಾಹ್ನ ಪಂಚರು ಖಾನಾವಳಿಯ ಪಡಸಾಲೆಯಲ್ಲೇ ಕೂಡಿದರು. ಏಡಿಯನ್ನು ಹೋಳುಗಳ ಸಮೇತ ಮಣೆಯ ಮೇಲಿಟ್ಟಿದ್ದರು. ನ್ಯಾಯಕ್ಕೊಂದು ತೊಡಕಿತ್ತು. ಕೂತ ಪಂಚರಲ್ಲಿ ಆ ಚಟ್ನಿ ಉಣ್ಣದವರು ಒಬ್ಬರೂ ಇರಲಿಲ್ಲ. ರುದ್ರವ್ವ ತಪ್ಪಿತಸ್ಥಳಾದರೆ ಎಲ್ಲರೂ ಮಾಂಸ ತಿಂದವರಾಗುತ್ತಿದ್ದರು, ನಿಜಲಿಂಗಪ್ಪನವರು ಬಟ್ಟಲಿನ ಲೆಕ್ಕದಲ್ಲಿ. ಇನ್ನೊಂದು ತೊಡಕೂ ಇತ್ತು. ಬಂದವರನ್ನು ಉಪವಾಸ ಕಳಿಸಿ ಗೊತ್ತಿಲ್ಲದ ರುದ್ರವ್ವ ಬೆಳಗಿನಿಂದ ಅಡಿಗೆ ಮಾಡುತ್ತಿದ್ದಳು. ಎಣ್ಣೆಗಾಯಿಯ ವಾಸನೆ ಪಡಸಾಲೆಗೆ ಬಂದು ಪಂಚರ ನಡುವೆ ತಾನೂ ಒಬ್ಬ ಪಂಚನಾಗಿ ಕೂತಿತ್ತು.

"ಸೂತಕದ ಮಾತು ತೆಗೀಬ್ಯಾಡ್ರಿ," ಎಂದು ನಿಜಲಿಂಗಪ್ಪನವರು ಶುರುಮಾಡಿದರು. "ಹೆಣ ಮುಟ್ಟಿದ್ರ ಮೈಲಿಗಿ ಅನ್ನೂ ಮಂದಿ ನಾವಲ್ಲ. ಶರಣರು ಅದನ್ನ ಬಿಡಿಸಿ ಹೋಗ್ಯಾರ. ಪ್ರಶ್ನಿ ಒಂದ. ಇದು ಮಾಂಸೋ, ಕಲ್ಲೋ?"

"ಕಲ್ರಿ," ಎಂದರು ಈರಬಸಪ್ಪ ಮಾಸ್ತರರು. ಎಲ್ಲಕ್ಕೂ ಮೂಲ ತಾವೇ ಎಂದು ಅವರು ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ತಮ್ಮ ಚೀಲದ ಪಕ್ಕದಲ್ಲೇ ಕೂತಿದ್ದರು.

"ಕಲ್ಲಿಗೆ ಕಾಲು ಇರತಾವೇನು?"

"ಮೊದಲ ಜೀವ ಇತ್ರಿ. ಸತ್ತ ಮ್ಯಾಲ ಕಲ್ಲಾತು."

"ಸತ್ತು ಎಷ್ಟ ದಿವಸ ಆಗಿರಬೇಕು?"

"ಎರಡು ಕೋಟಿ ವರ್ಷ ಆಗಿರಬೇಕ್ರಿ. ಹೆಚ್ಚು ಕಡಿಮಿ."

ನಿಜಲಿಂಗಪ್ಪನವರು ಬಹಳ ಹೊತ್ತು ವಿಚಾರ ಮಾಡಿ, "ಹಂಗಾರ ಹಳಸೇದ," ಎಂದರು.

ಮಾಸ್ತರರಿಗೆ ಕಾಲೇಜಿನ ಹುಮ್ಮಸ್ಸು ಬಂತು. ಎದ್ದು ನಿಂತು ಹೇಳತೊಡಗಿದರು. ಇವತ್ತು ಒಂಟೆ ಕೂಡ ನೆರಳು ಹುಡುಕುವ ಕಚ್ಛದ ಆ ಬರಡು ಹಳ್ಳ ಆಗ ಸಮುದ್ರವಾಗಿತ್ತು. ಆಳವಿಲ್ಲದ, ಬಿಸಿಲಿಗೆ ಬೆಚ್ಚಗಾದ ನೀರು. ದಂಡೆಗುಂಟ ಉಪ್ಪುನೀರಿನಲ್ಲೇ ಬೇರು ಊರಿ ನಿಂತ ಗಿಡಗಳು, ಬೇರಿನ ಸಂದಿಯಲ್ಲಿ ರಾಡಿ, ರಾಡಿಯ ತುಂಬ ಬಿಲ, ಬಿಲಕ್ಕೊಂದು ಏಡಿ. ಉಬ್ಬರ ಬಂದಾಗ ಒಳಗೆ, ಇಳಿದಾಗ ಹೊರಗೆ. ಮಳೆ ಇತ್ತು, ಬಿಸಿಲಿತ್ತು, ಸಿಂಪಿ ಇತ್ತು, ಶಂಖವಿತ್ತು. ಪುಣೆ ಇರಲಿಲ್ಲ, ಧಾರವಾಡ ಇರಲಿಲ್ಲ, ಮನುಷ್ಯನೆಂಬುವನು ಹುಟ್ಟಿಯೇ ಇರಲಿಲ್ಲ. ನಾವು ಕೂತ ಈ ಊರಿನ ಕರಿಕಲ್ಲು ಮಾತ್ರ ಆಗಲೇ ಬಹಳ ಹಳೆಯದಾಗಿ ತಣ್ಣಗೆ ಬಿದ್ದಿತ್ತು.

"ಮನಶ್ಯಾರು ಇರಲಿಲ್ಲಂದ್ರ ಬಾಜಾರ ಹೆಂಗ ನಡೀತಿತ್ತು?" ಎಂದು ಒಬ್ಬರು ಕೇಳಿದರು. ನಡೆಯುತ್ತಿರಲಿಲ್ಲ ಎಂದು ಮಾಸ್ತರರು ಒಪ್ಪಿಕೊಂಡರು.

ರುದ್ರವ್ವ ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಸಮುದ್ರವೂ ಬೇಡ, ಕೋಟಿಯೂ ಬೇಡ. ಅವಳ ಕಣ್ಣು ಮಣೆಯ ಮೇಲೆ ನೆಟ್ಟಿತ್ತು.

"ಮಾಸ್ತರ್ರ, ಇಷ್ಟ ವರ್ಷಕ್ಕ ಕೈಕಾಲು ಹೆಂಗ ಉಳದಾವು?"

"ಸತ್ತ ಕೂಡ್ಲೆ ಮಣ್ಣು ಬಿತ್ತು ರುದ್ರವ್ವಾ. ಬಿರುಗಾಳಿಗೆ ಒಂದ ಸಲಕ್ಕ ರಾಡಿ ಬಂದು ಮುಚ್ಚಿಬಿಟ್ಟದ. ದಂಡಿ ಮ್ಯಾಲ ಬಿದ್ದವು ತೆರಿ ಬಡದು ಕೈ ಒಂದ ಕಡೆ, ಕಾಲು ಒಂದ ಕಡೆ ಆಗಿ ಗುರ್ತ ಇಲ್ಲದಂಗ ಹೋಗ್ತಾವು. ಮಣ್ಣು ಸಿಕ್ಕದ್ದು ಅಷ್ಟ ಉಳೀತದ."

ಒಂದು ಹುಳಕ್ಕೆ, ಯಾರೂ ಇಲ್ಲದ ಕಾಲದಲ್ಲಿ, ತಾನಾಗಿಯೇ ಸಿಕ್ಕ ಮಣ್ಣು ತನ್ನ ಗಂಡನಿಗೆ ಸಿಗಲಿಲ್ಲ. ಅವಳಿಗೆ ಏಡಿಯ ಮೇಲೆ ಹೊಟ್ಟೆಕಿಚ್ಚಾಯಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಹಿಟ್ಟು ಹತ್ತಿಸಿಕೊಂಡಳು.

"ಇಲ್ಲಿ ಕೊಡ್ರಿ ಅದನ್ನ," ಎಂದರು ಅಷ್ಟು ಹೊತ್ತು ಸುಮ್ಮನಿದ್ದ ಅಯ್ಯನವರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಮುಟ್ಟಿ ನೋಡಿ ತಿಳಿಯುವುದು ರೂಢಿಯಾಗಿತ್ತು. ಹೋಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ಸವರಿದರು.

"ಇದು ಬಿದ್ದಿಲ್ಲ. ಕುಂತದ," ಎಂದರು. "ಕಾಲು ಮಡಚೇದ. ಪದ್ಮಾಸನ. ಕೈ ಎದಿ ಮುಂದ ಅದಾವು."

ಎಲ್ಲರೂ ಬಗ್ಗಿದರು.

"ಕೈಯಾಗ ಗುಂಡಗ ಏನೋ ಅದ," ಎಂದರು ಅಯ್ಯನವರು.

ನಿಜವಾಗಿಯೂ ಇತ್ತು. ಏಡಿಯ ಕೊಂಡಿಗಳಲ್ಲಿ ಕಡಲೆಕಾಳಿನಷ್ಟು ದಪ್ಪದ, ಕಪ್ಪು, ದುಂಡನೆಯ ಗುಂಡುಗಳು ಸಿಕ್ಕಿಕೊಂಡಿದ್ದವು. ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಕೂರಿಸಿದ್ದಾರೆ, ಕೈಯಲ್ಲಿ ಕೊಟ್ಟಿದ್ದಾರೆ, ಮೇಲೆ ಮಣ್ಣು ಹಾಕಿದ್ದಾರೆ. ಇನ್ನೇನು ಬೇಕು ಎಂದು ಒಬ್ಬರು ಕೇಳಿದರು. ಕೂರಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ.

"ಮಾಸ್ತರ್ರ," ನಿಜಲಿಂಗಪ್ಪನವರು ತಿರುಗಿದರು, "ಅವೇನು?"

ಮಾಸ್ತರರಿಗೆ ಗೊತ್ತಿತ್ತು. ಅವು ಸಮುದ್ರದ ಸಣ್ಣ ಶಂಖಗಳು, ಬಹುಶಃ ಏಡಿಯ ಕೊನೆಯ ಊಟ. ಬಾಯಿ ತೆರೆದರು. ಅಷ್ಟರಲ್ಲಿ ಒಳಗೆ ಒಗ್ಗರಣೆ ಸಿಡಿಯಿತು. ಮಾಸ್ತರರು ಸಿಹಿ ಬೇಳೆ ಉಂಡು ಉಂಡು ಸೋತಿದ್ದರು. ಬಾಗಿಲಲ್ಲಿ ರುದ್ರವ್ವನ ಮುಖ, ಮುಖದ ಮೇಲೆ ಹಿಟ್ಟು.

"ಈಗಂತೂ ಕಲ್ರಿ," ಎಂದರು. "ಮೊದಲ ಏನಿತ್ತು ಅನ್ನೂದನ್ನ ಶಾಸ್ತ್ರ ಖಾತ್ರಿಲೆ ಹೇಳೂದಿಲ್ಲ."

ಶಾಸ್ತ್ರ ಹೇಳುತ್ತಿತ್ತು. ಮಾಸ್ತರರು ಹೇಳಲಿಲ್ಲ.

ನಿಜಲಿಂಗಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದರು. ಇದು ನಮ್ಮ ಪದ್ಧತಿಯಂತೆ ಲಿಂಗೈಕ್ಯವಾದ ಜೀವ, ಇದನ್ನು ಮಾಂಸ ಎನ್ನುವುದೇ ಪಾಪ, ಇಂಥವರ ಸಮಾಧಿಯ ಕಲ್ಲಿನಿಂದ ಕುಟ್ಟಿದ ಚಟ್ನಿ ಉಂಡವರಿಗೆ ದೋಷವಿಲ್ಲ, ಪುಣ್ಯವಿದ್ದರೂ ಇದ್ದೀತು ಎಂದು ತೀರ್ಪು ಕೊಟ್ಟರು. ಶರಣರಿಗಿಂತ ಎರಡು ಕೋಟಿ ವರ್ಷ ಮೊದಲು ಇದಕ್ಕೆ ದೀಕ್ಷೆ ಹೇಗಾಯಿತು ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಭಕ್ತಿಗೆ ತಾರೀಖು ಇಲ್ಲ," ಎಂದರು ಅಯ್ಯನವರು. ಅಲ್ಲಿಗೆ ಏಡಿ ಸಮಾಜಕ್ಕೆ ಸೇರಿತು.

ಎಲ್ಲರ ಮುಖದ ಮೇಲೂ ಕಳೆ ಬಂತು. ಕೈ ತೊಳೆಯಲು ಎದ್ದರು. ಆಗ ರುದ್ರವ್ವ ಪಡಸಾಲೆಯ ನಡುವೆ ಬಂದು ನಿಂತಳು.

"ಕುಂದರ್ರಿ," ಎಂದಳು.

ಕೂತರು.

"ಅಜ್ಜಾರ, ಇನ್ನೊಂದ ಸಲ ಮುಟ್ಟಿ ನೋಡ್ರಿ. ಎಷ್ಟ ಕೈಯಾಗ ಅದ?"

ಅಯ್ಯನವರು ಮುಟ್ಟಿದರು. ಒಂದು ಕೊಂಡಿ ಮುಟ್ಟಿದರು, ಇನ್ನೊಂದು ಮುಟ್ಟಿದ ಮೇಲೆ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಕೂತರು.

"ಎರಡೂ ಕೈಯಾಗ ಅದ," ಎಂದರು ಮೆಲ್ಲಗೆ.

"ನನಗೂ ಎರಡ ಕೈ ಅದಾವ್ರಿ," ಎಂದಳು ರುದ್ರವ್ವ.

ಅವಳು ಎರಡೂ ಅಂಗೈ ಮುಂದೆ ಮಾಡಿದಳು. ಜೀವಮಾನವೆಲ್ಲ ರೊಟ್ಟಿ ಬಡಿದು ಅಗಲವಾದ ಕೈಗಳು. ಪಂಚರಲ್ಲಿ ಒಬ್ಬೊಬ್ಬರೂ ಆ ಕೈಯಿಂದ ಉಂಡವರೇ. ನಿಜಲಿಂಗಪ್ಪನವರು ಕಕ್ಕಾಬಿಕ್ಕಿಯಾದರು.

"ಅದು ಏಡಿ, ರುದ್ರವ್ವಾ."

"ಈಗರ ನಮ್ಮ ಮಂದಿ ಅಂದ್ರೆಲಾ ಸಾವಕಾರ್ರ. ನಮ್ಮ ಪದ್ಧತಿ ಪ್ರಕಾರ ಮಣ್ಣಾಗೇದ ಅಂದ್ರಿ. ನಿದರ್ಶನ ಇಲ್ಲ, ನಿದರ್ಶನ ಇಲ್ಲ ಅಂತ ವರ್ಷಾ ವರ್ಷಾ ನನ್ನ ಬಾಯಿ ಮುಚ್ಚಿಸಿದ್ರಿ. ಇಲ್ಲಿ ಕುಂತದ ನೋಡ್ರಿ."

ನಿಜಲಿಂಗಪ್ಪನವರು ಲೆಕ್ಕ ಹಾಕಿದರು. ತೀರ್ಪು ಹಿಂದೆ ತೆಗೆದುಕೊಂಡರೆ ಏಡಿ ಮತ್ತೆ ಮಾಂಸವಾಗುತ್ತದೆ, ಬಟ್ಟಲುಗಳೆಲ್ಲ ಹೊಟ್ಟೆಯಿಂದ ಎದ್ದು ಸಾಕ್ಷಿಗೆ ಬರುತ್ತವೆ. ತೀರ್ಪು ನಿಲ್ಲಿಸಿದರೆ ಏಡಿಗೆ ಸಲ್ಲುವುದು ರುದ್ರವ್ವನಿಗೂ ಸಲ್ಲಬೇಕು. ಅವರು ಅಯ್ಯನವರ ಮುಖ ನೋಡಿದರು. ಅಯ್ಯನವರಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಅವರ ಬೆರಳು ಇನ್ನೂ ಆ ಪುಟ್ಟ ಕೊಂಡಿಯ ಮೇಲಿತ್ತು.

"ಏಡಿಗೆ ಆದದ್ದು ರುದ್ರವ್ವಗ ಆಗೂದಿಲ್ಲ ಅನ್ನಾಕ ನನಗ ನಾಲಿಗಿ ಏಳೂದಿಲ್ಲ," ಎಂದರು. "ಒಂದು ಕೈಯಾಗ ಎರಡು ಕೂಡೂದಿಲ್ಲ ಅಂದಿದ್ದೆ. ಎರಡು ಕೈಯಾಗ ಎರಡು ಬ್ಯಾಡ ಅಂತ ನಾ ಎಲ್ಲೂ ಕೇಳಿಲ್ಲ. ನಾ ಇದ್ರ ನಾನ ಇಡತೇನವ್ವಾ."

ರುದ್ರವ್ವ ಅಡಿಗೆಮನೆಗೆ ಹೋಗಿ ರೊಟ್ಟಿಯ ಬುಟ್ಟಿ ತಂದಳು. ಆ ದಿನ ಯಾರೂ ಸಾಕು ಎನ್ನಲು ಬಾಯಿ ತೆರೆಯಲಿಲ್ಲ, ತೆರೆದಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ.

ಏಡಿಯನ್ನು ಮಾಸ್ತರರು ಕಾಲೇಜಿಗೆ ಒಯ್ದರು. ಸಮಾಧಿ ಆದವರನ್ನು ಕಪಾಟಿನಲ್ಲಿಡಬಹುದೇ ಎಂಬ ಪ್ರಶ್ನೆ ಎದ್ದಾಗ ಅಯ್ಯನವರು, ಅದು ತನ್ನ ಮಣ್ಣು ತನ್ನ ಜೋಡಿನ ಇಟ್ಟುಕೊಂಡದ ಎಂದು ಬಗೆಹರಿಸಿದರು. ಮಾಸ್ತರರು ಅದನ್ನು ಕಲ್ಕತ್ತೆಗೆ ತೆಗೆದುಕೊಂಡು ಹೋಗಿ ಒಬ್ಬ ತಜ್ಞರಿಗೆ ತೋರಿಸಿದರಂತೆ. ತಜ್ಞರು ಭೂತಗನ್ನಡಿ ಹಿಡಿದು ಮೂಗನ್ನು ಹತ್ತಿರ ಒಯ್ದವರು ಹತ್ತು ನಿಮಿಷ ಸೀನಿದರಂತೆ. ಬ್ಯಾಡಗಿಯ ಪುಡಿ ಕೊಂಡಿಯ ಸಂದಿಯಲ್ಲಿ ಉಳಿದಿತ್ತು. ಖಾನಾವಳಿಯಲ್ಲಿ ಕಲ್ಲುಕುಟಿಗ ಮಾಡಿಕೊಟ್ಟ ಹೊಸ ಗುಂಡು ಬಂತು. ಚಟ್ನಿಗೆ ಮೊದಲಿನ ರುಚಿ ಇಲ್ಲ ಎಂದು ಎಲ್ಲರೂ ಹೇಳಿದರು, ಯಾಕೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ರುದ್ರವ್ವ ಸಾವಿಗೆ ಹೆದರಲಿಲ್ಲ, ಕೈಗಳಿಗೆ ಮಾತ್ರ ಹೆದರಿದಳು. ರೊಟ್ಟಿಯ ಹಂಚು ಇಳಿಸುವಾಗ ಬಟ್ಟೆ ಹಿಡಿದಳು. ಸಂಜೆ ಹೊತ್ತು ಎರಡೂ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತ ಗೋಡೆಗೊರಗಿ ಕೂರುತ್ತಿದ್ದಳು. ರಂಗೂಬಾಯಿ ಪಕ್ಕದಲ್ಲಿ ಕೂತು ಎಲೆಯಡಿಕೆ ಜಗಿಯುತ್ತ, ಮದುವಣಗಿತ್ತಿಯ ಹಾಗೆ ಕೈಗೆ ಏನು ಉಪಚಾರ ಎಂದು ಮರಾಠಿಯಲ್ಲಿ ಕಾಡುತ್ತಿದ್ದಳು. ರುದ್ರವ್ವ ನಗುತ್ತಿದ್ದಳು. ಅವಳು ನಗುವುದನ್ನು ಪೇಠೆ ಆಗ ಮೊದಲ ಸಲ ಕೇಳಿತು.

ನಲವತ್ತಾರನೆಯ ಇಸವಿಯ ಮಳೆಗಾಲದ ಕೊನೆಗೆ, ಬೆಳಗಿನ ರೊಟ್ಟಿಗೆ ಹಿಟ್ಟು ನಾದುತ್ತ ಅವಳು ಹೋದಳು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಬೆರಳ ಸಂದಿಯ ಹಿಟ್ಟನ್ನು ರಂಗೂಬಾಯಿಯೇ ತೊಳೆದಳು. ಹಮಾಲರು ಪೇಟೆ ಬಿಟ್ಟು ಬಂದರು, ಮಾಸ್ತರರು ಕಾಲೇಜು ಬಿಟ್ಟು ಬಂದರು, ನಿಜಲಿಂಗಪ್ಪನವರು ಕೋಲೂರಿಕೊಂಡು ಬಂದು ಮಗುವಿನ ಹಾಗೆ ಅತ್ತರು. ಪೂರ್ತಿ ಕುರುಡಾಗಿದ್ದ ಅಯ್ಯನವರನ್ನು ಟಾಂಗಾದಲ್ಲಿ ಕರೆತಂದರು. ಅವರ ಒಂದು ಕೈಯಲ್ಲಿ ರುದ್ರವ್ವನ ಎದೆಯ ಮೇಲಿನ ಲಿಂಗ ಕೊಟ್ಟರು, ಇನ್ನೊಂದರಲ್ಲಿ ಗೂಡಿನ ಕರಡಿಗೆಯ ಲಿಂಗ.

"ಎಡಗೈಯಾಗ ಇವಳದು," ಎಂದರು ಅಯ್ಯನವರು. "ಅದು ಪದ್ಧತಿ. ಬಲಗೈಯಾಗ ಮಲಕಪ್ಪಂದು ಇಡೂಣು."

"ನಾಹಿ," ಎಂದಳು ರಂಗೂಬಾಯಿ. ಎಲ್ಲರೂ ತಿರುಗಿ ನೋಡಿದರು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಎಡಗೈ ಬಲಗೈ ಎಂಬ ಮಾತುಗಳ ಗುರುತಷ್ಟೇ ಇತ್ತು. ರುದ್ರವ್ವ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಕಣ್ಣು ಮುಚ್ಚಿಕೊಂಡು, ತಡವರಿಸದೆ, ರುದ್ರವ್ವನ ದನಿಯಲ್ಲೇ ಹೇಳಿದಳು.

"ಎಡಗೈ ಅವರಿಗೆ ಕೊಡ್ರಿ. ಅವರಿಗೆ ಯಾವುದೂ ಪದ್ಧತಿ ಪ್ರಕಾರ ಆಗಿಲ್ಲ. ನಂದು ಬಲಗೈಯಾಗ ಹೆಂಗರ ಇರತದ."

ಅಯ್ಯನವರು ಎಡಗೈಯನ್ನು ತಡವಿ ಹುಡುಕಿದರು. ಮಲಕಪ್ಪನ ಲಿಂಗವನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.